ದಂಡಿನ ನಕ್ಷೆ ಬರೆಯುವಾಗ ಮೊದಲು ನೀರು, ಆಮೇಲೆ ಬಂಗಲೆ

ಬೆಂಗಳೂರಿನ ಕಂಟೋನ್ಮೆಂಟ್, ಹಳಬರ ಬಾಯಲ್ಲಿ ದಂಡು, ಹೇಗೆ ಬೆಳೆಯಿತು ಅಂತ ನೋಡಹೊರಟವರು ಸಾಮಾನ್ಯವಾಗಿ ಚರ್ಚು, ಬಂಗಲೆ, ಪೆರೇಡ್ ಮೈದಾನದಿಂದ ಶುರು ಮಾಡುತ್ತಾರೆ. ನಾನು ನಕ್ಷೆ ಮಾಡುವಾಗ ಅವನ್ನು ಕೊನೆಗೆ ಇಡುತ್ತೇನೆ. ಶ್ರೀರಂಗಪಟ್ಟಣದ ಜ್ವರಕ್ಕೆ ಬೇಸತ್ತ ಬ್ರಿಟಿಷರು 1809ರಲ್ಲಿ ಪಡೆಯನ್ನು ಇಲ್ಲಿಗೆ ತಂದರು. ಸುಮಾರು 900 ಮೀಟರ್ ಎತ್ತರ, ತಂಪು ಹವೆ, ಆದರೆ ಹತ್ತಿರ ನದಿಯಿಲ್ಲ. ಇಲ್ಲಿನ ಬದುಕನ್ನು ಕೆರೆಗಳೇ ನಡೆಸಿದವು.

ನೀರಿನ ದಾರಿ ಗುರುತಿಸಲು ಬೇಕಾದ್ದು ಸರ್ವೇ ಆಫ್ ಇಂಡಿಯಾದ 1:50,000 ಅಳತೆಯ ನಕ್ಷೆಯ ಹಾಳೆ, ಹಳೆಯ ಸಂಖ್ಯೆ 57ಎಚ್/9. ಅದು 13 ಡಿಗ್ರಿ ಅಕ್ಷಾಂಶಕ್ಕೆ ಮುಗಿಯುತ್ತದೆ. ಫ್ರೇಜರ್‌ಟೌನ್ ಅಂಚಿಗೆ ಬಂದುಬಿಡುವುದರಿಂದ ಉತ್ತರಕ್ಕೆ 57ಜಿ/12 ಜೋಡಿಸಲೇಬೇಕು. ಕಾಂಟೂರ್ ಗೆರೆಗಳ, ಅಂದರೆ ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಗೆರೆಗಳ, ನಡುವಿನ ಎತ್ತರದ ಅಂತರ 20 ಮೀಟರ್. ದಂಡಿನ ಮಂದ ಇಳಿಜಾರಿಗೆ ಇದು ತೀರ ಒರಟು. ಹಾಗಾಗಿ ಬಾಹ್ಯಾಕಾಶ ನೌಕೆಯಿಂದ ಅಳೆದ, 30 ಮೀಟರ್ ಚೌಕದ ಎಸ್‌ಆರ್‌ಟಿಎಂ ಎತ್ತರದ ದತ್ತಾಂಶವನ್ನು ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶಕ್ಕೆ ಹಾಕಿ, ನೀರು ಕೂಡುವ ಗೆರೆಗಳನ್ನು ತೆಗೆಯುತ್ತೇನೆ. ಒಂದು ಗೆರೆಗೆ ನೀರು ಕೊಡುವ ನೆಲದ ಕನಿಷ್ಠ ಮಿತಿಯನ್ನು 500 ಚೌಕಕ್ಕೆ, ಅಂದರೆ 0.45 ಚದರ ಕಿಲೋಮೀಟರಿಗೆ, ಇಟ್ಟರೆ ರಾಜಕಾಲುವೆಗಳು ಕಾಣಿಸುತ್ತವೆ, ಚರಂಡಿಗಳು ಕಾಣಿಸುವುದಿಲ್ಲ.

ಎಡವಟ್ಟಾಗುವುದು ಇಲ್ಲೇ. ಈ ದತ್ತಾಂಶ 2000ನೇ ಇಸವಿ ಫೆಬ್ರವರಿಯಲ್ಲಿ ರೇಡಾರ್ ಅಳೆದದ್ದು. ಅದಕ್ಕೆ ನೆಲ, ಮರದ ತುದಿ, ಕಟ್ಟಡದ ಚಾವಣಿ ಎಂಬ ಭೇದವಿಲ್ಲ. ಕಬ್ಬನ್ ಪಾರ್ಕಿನ ಮರಗಳು ಗುಡ್ಡವಾಗಿಬಿಡುತ್ತವೆ. ಹಾಳೆಯಲ್ಲಿ ಅಂಕಿ ಹಾಕಿದ ಎತ್ತರದ ಬಿಂದುಗಳಿಗೆ ಹೋಲಿಸಿ ತಿದ್ದಬೇಕು. ರೈಲು ಹಳಿ ಹೊತ್ತ ಮಣ್ಣಿನ ಏರಿ ಇನ್ನೊಂದು ತಲೆನೋವು. ಅಡಿಯಲ್ಲಿ ಮೋರಿ ಇದ್ದರೂ ತಂತ್ರಾಂಶ ಅದನ್ನು ದಿಣ್ಣೆಯೆಂದೇ ತಿಳಿದು ನೀರನ್ನು ಅಡ್ಡ ತಿರುಗಿಸುತ್ತದೆ. ಮೋರಿ ಇರುವ ಕಡೆ ಒಂದು ಚೌಕದ ಎತ್ತರ ಕೈಯಾರೆ ಇಳಿಸಿ. ತಗ್ಗು ತುಂಬಿಸುವ ಆಜ್ಞೆ ಕೊಡುವ ಮೊದಲು ಮೂಲ ಕಡತದ ಪ್ರತಿ ಇಟ್ಟುಕೊಳ್ಳಿ. ಹುಡುಕುತ್ತಿರುವ ಕೆರೆಯ ಅಂಗಳವನ್ನೇ ಅದು ಮಟ್ಟಮಾಡಿಬಿಡುತ್ತದೆ.

ಹಳೆಯ ನಕ್ಷೆಯನ್ನು ಇದರ ಮೇಲೆ ಕೂರಿಸಲು ಎಂಟಾದರೂ ಗುರುತು ಬೇಕು. ರಸ್ತೆ ಕೂಡುವ ಜಾಗ ನಂಬಬೇಡಿ, ಅವೆಲ್ಲ ಅಗಲವಾಗಿ ಸರಿದಿವೆ. ಹಲಸೂರಿನ ಸೋಮೇಶ್ವರ ದೇವಸ್ಥಾನ, 1851ರ ಟ್ರಿನಿಟಿ ಚರ್ಚಿನಂಥ ಕದಲದ ಕಟ್ಟಡಗಳೇ ಸರಿ.

ಇಷ್ಟಾದ ಮೇಲೆ ಓದುವುದು ಸುಲಭ. ಸೌತ್ ಪೆರೇಡ್, ಈಗಿನ ಎಂ.ಜಿ. ರಸ್ತೆ, ದಿಣ್ಣೆಯ ಬೆನ್ನ ಮೇಲಿದೆ. ಉತ್ತರಕ್ಕೆ ಬಿದ್ದ ಮಳೆ ಹಲಸೂರು ಕೆರೆಗೆ, ದಕ್ಷಿಣಕ್ಕೆ ಬಿದ್ದದ್ದು ಕೋರಮಂಗಲ ಕಣಿವೆಗೆ. ಕವಾಯತಿಗೆ ನೀರು ನಿಲ್ಲದ ನೆಲ ಬೇಕಿತ್ತು, ದಿಣ್ಣೆ ಅದನ್ನು ಕೊಟ್ಟಿತು. ಹಳೆಯ ಊರಾದ ಪೇಟೆ ಮತ್ತು ದಂಡಿನ ನಡುವಣ ತಗ್ಗಿನಲ್ಲಿ ಸಂಪಂಗಿ ಕೆರೆ. ಅದರ ಸುತ್ತ ತಿಗಳರ ತೋಟ. ಕೆರೆಯೇ ಈಗ ಕಂಠೀರವ ಕ್ರೀಡಾಂಗಣ. ಕೆಳಗಿನ ಶೂಲೆ ಕೆರೆ ಫುಟ್‌ಬಾಲ್ ಮೈದಾನವಾಯಿತು, ಅಕ್ಕಿತಿಮ್ಮನಹಳ್ಳಿ ಕೆರೆ ಹಾಕಿ ಮೈದಾನವಾಯಿತು. ಬೆಂಗಳೂರಿನಲ್ಲಿ ವಿಶಾಲವಾದ ಸಪಾಟು ಜಾಗ ಕಂಡರೆ ಮೊದಲು ಕೆರೆಯ ಏರಿ ಎಲ್ಲಿತ್ತು ಅಂತ ಹುಡುಕಿ. ಮಿಲ್ಲರ್ಸ್ ಟ್ಯಾಂಕ್ ಬಂಡ್ ರಸ್ತೆಯಂತೂ ಹೆಸರಲ್ಲೇ ಏರಿಯನ್ನು ಹೊತ್ತಿದೆ.

ದಂಡಿನ ಬಾಯಿ ಮದ್ರಾಸಿನ ಕಡೆಗೆ. ಮದ್ರಾಸ್ ಸೇನೆಯ ಹಿಂದೆಯೇ ತಮಿಳು ವ್ಯಾಪಾರಿಗಳು, ಕೆಲಸಗಾರರು ಬಂದರು. 1864ರಲ್ಲಿ ಮೊದಲ ರೈಲು ಕಂಟೋನ್ಮೆಂಟಿನಿಂದ ಜೋಲಾರಪೇಟೆಗೆ ಹೊರಟಿತು. 

ನಕ್ಷೆಯನ್ನು ಒಂದೇ ಹಾಳೆಯಲ್ಲಿ ಮುಗಿಸಬೇಡಿ, 1896ಕ್ಕೆ ಹಿಂದಿನದೊಂದು, ಮುಂದಿನದೊಂದು ಮಾಡಿ. 1882ರ ಸ್ಯಾಂಕಿ ಕೆರೆ ಮೊದಲ ಹಾಳೆಗೆ ಸೇರುತ್ತದೆ. 1896ರಲ್ಲಿ ಹೆಸರಘಟ್ಟದಿಂದ ಕೊಳವೆ ನೀರು ಬಂದ ಮೇಲೆ ಬಡಾವಣೆಗೆ ಕೆರೆಯ ಹಂಗು ಕಡಿಮೆಯಾಯಿತು. 1910ರ ಫ್ರೇಜರ್‌ಟೌನ್ ಎರಡನೆಯ ಹಾಳೆಯದು. ಎರಡನ್ನೂ ಒಂದರ ಮೇಲೊಂದು ಇಟ್ಟರೆ ಮನೆಗಳು ತಗ್ಗು ಬಿಟ್ಟು ಎತ್ತ ಸರಿದವು ಅನ್ನುವುದು ಬರಿಗಣ್ಣಿಗೇ ಕಾಣುತ್ತದೆ.