ಕುದುರೆಮುಖಕ್ಕೆ ಚಳಿಗಾಲದ ಒಂದು ದಿನ: ನಿಧಾನದವರನ್ನು ಮುಂದಿಟ್ಟು ನಡೆದದ್ದು

ನಮ್ಮ ಚಾರಣ ಬಳಗದಲ್ಲಿ ಡಿಸೆಂಬರಿನ ನಡಿಗೆ ಎಂದರೆ ಕುದುರೆಮುಖವೇ. ಮಳೆ ನಿಂತಿರುತ್ತದೆ, ಉಂಬಳದ ಕಾಟ ಮುಗಿದಿರುತ್ತದೆ, ಹುಲ್ಲು ಇನ್ನೂ ಪೂರ್ತಿ ಒಣಗಿರುವುದಿಲ್ಲ. ಈ ಬೆಟ್ಟಕ್ಕೆ ಅದಕ್ಕಿಂತ ಒಳ್ಳೆಯ ಕಾಲ ಇಲ್ಲ ಎಂದೇ ನಾನು ನಂಬಿದ್ದೇನೆ. ತಂಡ ನಡೆಸುವ ಹೊಣೆ ನನ್ನದಾದ ಮೇಲೆ ಕೆಲವು ಪದ್ಧತಿಗಳನ್ನು ಬಿಗಿಯಾಗಿ ಹಿಡಿದುಕೊಂಡು ಬಂದಿದ್ದೇನೆ.

ನಡಿಗೆ ಶುರುವಾಗುವ ಮುಳ್ಳೋಡಿ ಎಂಬ ಹಳ್ಳಿಯಿಂದ ತುದಿಗೆ ಹೋಗಿ ಬರಲು ಹತ್ತಿರ ಹತ್ತಿರ 20 ಕಿಲೋಮೀಟರ್. ಡಿಸೆಂಬರಿನಲ್ಲಿ ಬೆಳಕು ಸಿಗುವುದು ಹನ್ನೊಂದೂವರೆ ಗಂಟೆಯಷ್ಟೇ, ಹುಲ್ಲುಗಾವಲಿನ ನಡುವಿನ ಕಣಿವೆಗಳಲ್ಲಿ ದಟ್ಟವಾಗಿ ಬೆಳೆಯುವ ಶೋಲಾ ಕಾಡಿನೊಳಗಂತೂ ಕತ್ತಲೆ ಇನ್ನೂ ಬೇಗ ಕವಿಯುತ್ತದೆ. ಹಾಗಾಗಿ ನಾನು ಲೆಕ್ಕ ಹಾಕುವುದು ಸಂಜೆಯಿಂದ ಹಿಂದಕ್ಕೆ. ಐದೂವರೆಗೆ ಎಲ್ಲರೂ ಮುಳ್ಳೋಡಿಯಲ್ಲಿರಬೇಕು ಎಂದರೆ ಮಧ್ಯಾಹ್ನ ಒಂದಕ್ಕೆ ಇಳಿಯಲು ತೊಡಗಬೇಕು, ತುದಿ ಸಿಕ್ಕಿರಲಿ, ಸಿಗದಿರಲಿ. ಇದನ್ನು ಹೊರಡುವ ಹಿಂದಿನ ರಾತ್ರಿ ಹೋಂಸ್ಟೇ ಜಗಲಿಯಲ್ಲಿ ಎಲ್ಲರ ಎದುರು ಹೇಳಿ ಒಪ್ಪಿಗೆ ಪಡೆಯುತ್ತೇನೆ. ಬೆಟ್ಟದ ಮೇಲೆ ನಿಂತು ಹೇಳಿದರೆ ಯಾರೂ ಕೇಳುವುದಿಲ್ಲ, ತುದಿ ಕಣ್ಣೆದುರೇ ಇರುತ್ತದಲ್ಲ!

1987ರಲ್ಲಿ ರಾಷ್ಟ್ರೀಯ ಉದ್ಯಾನವಾದ ಕಾಡಿದು. ಅನುಮತಿಯನ್ನು ಅರಣ್ಯ ಇಲಾಖೆಯ ಆನ್‌ಲೈನ್ ಬುಕಿಂಗ್‌ನಲ್ಲಿ ಮೊದಲೇ ಪಡೆಯಬೇಕು. ದಿನಕ್ಕೆ ಇಂತಿಷ್ಟೇ ಜನ ಎಂಬ ಮಿತಿ ಇರುವುದರಿಂದ ವಾರಾಂತ್ಯ ಬಿಟ್ಟು ನಡುವಾರ ಹಿಡಿಯುವುದು ಒಳ್ಳೆಯದು. ಜೊತೆಗೆ ಸ್ಥಳೀಯ ಗೈಡ್ ಬೇಕೇ ಬೇಕು.

ಇನ್ನು ನಡಿಗೆಯ ಸಾಲು. ನನ್ನ ಮಟ್ಟಿಗೆ ಇಡೀ ದಿನ ನಿಂತಿರುವುದೇ ಇದರ ಮೇಲೆ. ಕಳೆದ ಬಾರಿ ನಮ್ಮೊಂದಿಗೆ ನಿವೃತ್ತ ಮೇಷ್ಟ್ರೊಬ್ಬರಿದ್ದರು. ಹತ್ತುವುದರಲ್ಲಿ ನಿಧಾನ, ಆದರೆ ನಿಲ್ಲುವವರಲ್ಲ. ಬೆಳಿಗ್ಗೆ ಏಳಕ್ಕೆ ಹೊರಡುವಾಗ, "ಸಾರ್, ನೀವು ಗೈಡಣ್ಣನ ಹಿಂದೆಯೇ ಬನ್ನಿ" ಎಂದೆ.

"ನನ್ನಿಂದ ಎಲ್ಲರಿಗೂ ತಡ ಆಗ್ತದಲ್ಲ ಮಾರಾಯ್ರೇ?"

"ಇಲ್ಲ ಸಾರ್, ನಿಮ್ಮ ಹಿಂದೆ ನಡೆದರೇನೇ ಎಲ್ಲರೂ ಹೊತ್ತಿಗೆ ಸರಿಯಾಗಿ ಮುಟ್ಟೋದು."

ಸಮಾಧಾನಕ್ಕೆ ಹೇಳಿದ ಮಾತಲ್ಲ ಅದು. ನಿಧಾನದವರನ್ನು ಹಿಂದೆ ಬಿಟ್ಟರೆ ಮುಂದಿನವರು ಏರಿನ ತಲೆಯಲ್ಲಿ ಕೂತು ಕಾಯುತ್ತಾರೆ. ಹಿಂದಿನವರು ಬಂದು ಮುಟ್ಟುತ್ತಿದ್ದಂತೆ "ಹೊರಡೋಣ" ಎಂದು ಎದ್ದುಬಿಡುತ್ತಾರೆ. ನಿಜವಾಗಿ ವಿಶ್ರಾಂತಿ ಬೇಕಾದವರಿಗೆ ಅದು ಸಿಗುವುದೇ ಇಲ್ಲ. ಚಳಿಗಾಲದಲ್ಲಿ ಇನ್ನೊಂದು ತೊಂದರೆಯೂ ಸೇರುತ್ತದೆ: ಬೆವೆತು ಒದ್ದೆಯಾದ ಅಂಗಿಯಲ್ಲಿ ಗಾಳಿಗೆ ಕೂತು ಕಾದವರಿಗೆ ಹತ್ತೇ ನಿಮಿಷದಲ್ಲಿ ನಡುಕ ಹಿಡಿಯುತ್ತದೆ, ಕಾಲಿನ ಮೀನಖಂಡ ಸೆಟೆಯುತ್ತದೆ. ಮೇಷ್ಟ್ರ ಹೆಜ್ಜೆಗೆ ಹೆಜ್ಜೆ ಹಾಕಿದ ಆ ದಿನ ಒಂಟಿಮರದ ಹತ್ತಿರ ಒಟ್ಟಿಗೇ ಕೂತೆವು, ಒಟ್ಟಿಗೇ ಎದ್ದೆವು. ಸಾಲಿನ ಕೊನೆಗೆ ದಾರಿ ಗೊತ್ತಿರುವ, ಗಟ್ಟಿಮುಟ್ಟಾದ ಒಬ್ಬರು. ಅವರಿಗಿಂತ ಹಿಂದೆ ಯಾರೂ ಉಳಿಯುವಂತಿಲ್ಲ. ಹಳ್ಳ ದಾಟಿದಾಗಲೆಲ್ಲ ತಲೆ ಎಣಿಕೆ.

ಬೆಳಗಿನ ಹುಲ್ಲುಗಾವಲಿನಲ್ಲಿ ಇಬ್ಬನಿ ಎಷ್ಟಿರುತ್ತದೆಂದರೆ ಮೊದಲ ಅರ್ಧ ಗಂಟೆಗೇ ಪ್ಯಾಂಟು ಮೊಣಕಾಲಿನವರೆಗೆ ತೊಯ್ದು ತಣ್ಣಗೆ ಅಂಟಿಕೊಳ್ಳುತ್ತದೆ. ಅದಕ್ಕೇ ಜೀನ್ಸ್ ಬೇಡ ಎಂದು ಹೇಳಿರುತ್ತೇನೆ, ಒದ್ದೆಯಾದ ಜೀನ್ಸ್ ಬೇಗ ಒಣಗುವುದಿಲ್ಲ. ಶೋಲಾ ಹೊಕ್ಕರೆ ಬಿಸಿಲು ಒಮ್ಮೆಲೇ ನಿಲ್ಲುತ್ತದೆ. ಪಾಚಿ ಹಿಡಿದ ಬೇರುಗಳ ಮೇಲೆ ಕಾಲಿಡದೆ ಬೇರುಗಳ ನಡುವಿನ ಮಣ್ಣಿನ ಮೇಲೆ ಹೆಜ್ಜೆ ಇಡಬೇಕು. ಹೊರಗೆ ಬಂದರೆ ಮತ್ತೆ ಹುಲ್ಲು, ಗಾಳಿ. ಒಂದು ವಿಶ್ರಾಂತಿಯಲ್ಲಿ ಹೊಸಬರಿಗೆ ಗಣಿಯ ಕಥೆ ಹೇಳಿದೆ: ಇದೇ ಸೀಮೆಯಲ್ಲಿ 2005ರ ಕೊನೆಯವರೆಗೂ ಕಬ್ಬಿಣದ ಅದಿರು ಅಗೆಯುತ್ತಿದ್ದರು, ಸುಪ್ರೀಂ ಕೋರ್ಟ್ ಆದೇಶದಿಂದ ಅದು ನಿಂತಿತು. ಇಷ್ಟು ಕಾಡು ಉಳಿದದ್ದು ಅದಕ್ಕಾಗಿ ಹೋರಾಡಿದವರ ಪುಣ್ಯ. ನಾವು ಒಂದು ಚಾಕಲೇಟ್ ಕವರನ್ನೂ ಬಿಟ್ಟು ಬರಬಾರದು ಎಂದರೆ ಆಗ ಎಲ್ಲರಿಗೂ ಅರ್ಥವಾಗುತ್ತದೆ.

ಹಳೆಯ ಚರ್ಚಿನ ಕಲ್ಲುಗೋಡೆ ಉಳಿದಿರುವಲ್ಲಿ ಐದು ನಿಮಿಷ ನಿಲ್ಲಿಸಿ ಎಲ್ಲರಿಂದಲೂ ಒಣ ಅಂಗಿ ಹಾಕಿಸುತ್ತೇನೆ, ಮೇಲೊಂದು ಗಾಳಿ ತಡೆಯುವ ಜಾಕೆಟ್. ತುದಿಯಲ್ಲಿ ಬದಲಿಸಿಕೊಳ್ಳೋಣ ಎಂದರೆ ಆಗುವುದಿಲ್ಲ, ಸುಮಾರು 1,890 ಮೀಟರ್ ಎತ್ತರದಲ್ಲಿ ಗಾಳಿ ಬೆವರಿನ ಜೊತೆ ಮೈಯ ಬಿಸಿಯನ್ನೂ ಎಳೆದುಕೊಳ್ಳುತ್ತದೆ. ಹೋಂಸ್ಟೇಯವರು ಕಟ್ಟಿಕೊಟ್ಟ ಚಿತ್ರಾನ್ನ ತಣ್ಣಗಾಗಿತ್ತು, ರುಚಿಗೇನೂ ಕೊರತೆಯಿರಲಿಲ್ಲ. ಬಿಸಿ ಮಾಡಲು ಒಲೆ ಹೂಡುವ ಮಾತೇ ಇಲ್ಲ. ಒಣಗುತ್ತಿರುವ ಹುಲ್ಲಿಗೆ ಒಂದು ಕಿಡಿ ಸಾಕು, ಗುಡ್ಡವೇ ಉರಿದುಹೋಗುತ್ತದೆ.

ಇಳಿಯುವಾಗಲೇ ಹೆಚ್ಚು ಎಚ್ಚರ ಬೇಕು. ಬೆಳಿಗ್ಗೆ ಒದ್ದೆಯಾಗಿದ್ದ ಅದೇ ಹುಲ್ಲು ಮಧ್ಯಾಹ್ನದ ಬಿಸಿಲಿಗೆ ಒಣಗಿ, ದಾರಿಯ ಮೇಲೆ ಬಾಗಿ, ಬೂಟಿನಡಿ ಸರಕ್ಕನೆ ಜಾರುತ್ತದೆ. ಹೆಜ್ಜೆ ಚಿಕ್ಕದು, ಮೊಣಕಾಲು ಸ್ವಲ್ಪ ಬಾಗಿರಲಿ, ಪಾದ ತುಸು ಅಡ್ಡಕ್ಕೆ. ಕೋಲಿದ್ದರೆ ಕೆಳಗಡೆಗೆ ಮೊದಲು ಕೋಲು, ಆಮೇಲೆ ಕಾಲು. ಮೇಷ್ಟ್ರು ಇಳಿಜಾರಿನಲ್ಲೂ ಮುಂದೆಯೇ ಇದ್ದರು, ಐದಕ್ಕೆಲ್ಲ ಮುಳ್ಳೋಡಿಯ ದಾರಿ ಹಿಡಿದಿದ್ದೆವು. ಆದರೂ ಪ್ರತಿಯೊಬ್ಬರ ಚೀಲದಲ್ಲಿ ಟಾರ್ಚ್ ಇತ್ತು. ಮೊಬೈಲಿನ ಬೆಳಕನ್ನು ನಾನು ಟಾರ್ಚ್ ಎಂದು ಒಪ್ಪುವುದಿಲ್ಲ.

ಬಳಗಕ್ಕೆ ಹೊಸದಾಗಿ ಸೇರುವವರಿಗೆ ನಾನು ಕೇಳುವುದು ಒಂದೇ: ಹೊರಡುವ ಮೊದಲಿನ ಕೆಲವು ವಾರ ನೀರು ತುಂಬಿದ ಚೀಲ ಹೊತ್ತು ಮೆಟ್ಟಿಲು ಹತ್ತಿ, ಇಳಿಯಿರಿ. ಹೆಚ್ಚಿನವರು ಹತ್ತುವುದನ್ನಷ್ಟೇ ಅಭ್ಯಾಸ ಮಾಡಿ ಲಿಫ್ಟಿನಲ್ಲಿ ಇಳಿಯುತ್ತಾರೆ. ಮೊಣಕಾಲಿಗೆ ಬೇಕಾದದ್ದು ಇಳಿಯುವ ಅಭ್ಯಾಸ.