ಬೀಗ ಗಟ್ಟಿ, ಕೊಂಡಿ ಸಡಿಲ

ಕಳೆದ ಮೇ ತಿಂಗಳಲ್ಲಿ ಮುಂಬೈ ಪಕ್ಕದ ನಮ್ಮ ಡೊಂಬಿವಲಿ ಬಿಲ್ಡಿಂಗಿನ ಎದುರುಮನೆಯವರು ಮತ್ಸ್ಯಗಂಧಾ ರೈಲು ಹತ್ತಿ ಉಡುಪಿಗೆ ಹೋದರು. ನಾಲ್ಕನೇ ದಿನ ಬೆಳಿಗ್ಗೆ ಹಾಲಿನ ಪ್ಯಾಕೆಟ್ ತೆಗೆಯೋಣ ಅಂತ ಬಾಗಿಲು ಎಳೆದರೆ ಬರಲೇ ಇಲ್ಲ. ಯಾರೋ ಹೊರಗಿನಿಂದ ನಮ್ಮ ಬಾಗಿಲಿಗೆ ಚಿಲಕ ಹಾಕಿದ್ದರು! ವಾಚ್‌ಮನ್‌ಗೆ ಫೋನ್ ಮಾಡಿ ತೆಗೆಸಿಕೊಂಡು ನೋಡಿದರೆ ಎದುರುಮನೆ ಬಾಗಿಲು ಅರ್ಧ ತೆರೆದಿತ್ತು. ಅವರು ಹಾಕಿದ್ದ ದಪ್ಪ ಬೀಗಕ್ಕೆ ಒಂದು ಗೀರೂ ಬಿದ್ದಿರಲಿಲ್ಲ, ಕಿತ್ತುಬಂದ ಕೊಂಡಿಯ ಸಮೇತ ನೆಲದ ಮೇಲೆ ಬಿದ್ದಿತ್ತು. ಕೊಂಡಿಯ ಸ್ಕ್ರೂ ಒಂದೊಂದೂ ಅರ್ಧ ಇಂಚು ಇಲ್ಲ.

ಹಾಗಾಗಿ ಮೊದಲು ಸ್ಕ್ರೂ ನೋಡಿ. ಕಬ್ಬಿಣದ ರಾಡ್ ಹಾಕಿ ಮೀಟಿದರೆ ಸಣ್ಣ ಸ್ಕ್ರೂ ಸುಮ್ನೆ ಎದ್ದು ಬರುತ್ತದೆ. ಬಡಗಿಯನ್ನು ಕರೆಸಿ, ಬಾಗಿಲ ಆಚೆಯಿಂದ ಈಚೆಗೆ ಹಾಯುವ ಬೋಲ್ಟ್ ಹಾಕಿಸಿ, ನಟ್ ಒಳಗಡೆ ಬರಲಿ. ಚೌಕಟ್ಟಿನ ಕಡೆಗೆ ಗೋಡೆ ಮುಟ್ಟುವಷ್ಟು ಉದ್ದದ ಸ್ಕ್ರೂ ಬೇಕು. ಇನ್ನು ಹೊರಗೆ ನೇತಾಡುವ ಬೀಗ ಅಂದರೆ ಮನೆಯಲ್ಲಿ ಯಾರೂ ಇಲ್ಲ ಅಂತ ಬೋರ್ಡ್ ಹಾಕಿದ ಹಾಗೆ, ಬಾಗಿಲೊಳಗೇ ಕೂರುವ ಲಾಕ್ ಹಾಕಿಸಿದರೆ ಆ ತಾಪತ್ರಯ ಇಲ್ಲ. ಅದು ಬಂದ ಮೇಲೆ ಹೊರಗಿನ ಚಿಲಕ ಯಾಕೆ ಬೇಕು? ನಾವು ಕಿತ್ತೇ ಹಾಕಿಸಿದೆವು. ಆ ರಾತ್ರಿ ನಮ್ಮ ಮನೆಗೆ ಬೆಂಕಿ ಬಿದ್ದಿದ್ದರೆ ನಾಲ್ಕು ಜನ ಒಳಗೇ ಸಿಕ್ಕಿಬೀಳುತ್ತಿದ್ದೆವು ಅಲ್ವಾ?

ಅದೇ ಯೋಚನೆಯಲ್ಲಿ ಕಿಟಕಿಯ ಬಾಕ್ಸ್ ಗ್ರಿಲ್ ನೋಡಿದೆ. ಮುಂಬೈಯಲ್ಲಿ ಎಲ್ಲರ ಮನೆಗೂ ಈ ಪಂಜರ ಇದೆ, ಅದರಲ್ಲಿ ಕುಂಡ, ಹಳೇ ಬಕೆಟ್, ಈರುಳ್ಳಿ ಬುಟ್ಟಿ. ಕಳ್ಳ ಒಳಗೆ ಬರಲಾರ ಸರಿ, ನಾವು ಹೊರಗೆ ಹೋಗುವುದು ಹೇಗೆ? ಒಂದು ಕಿಟಕಿಯ ಗ್ರಿಲ್‌ನಲ್ಲಾದರೂ ದೊಡ್ಡವರು ನುಸುಳುವಷ್ಟು ಅಗಲದ ಸಣ್ಣ ಬಾಗಿಲು ಮಾಡಿಸಿ. ಅದರ ಕೀಲಿ ಹೊರಗಿನಿಂದ ಕೈಗೆ ಸಿಗಬಾರದು, ಕತ್ತಲಲ್ಲಿ ತಡಕಿದರೂ ನಿಮಗೆ ಸಿಗಬೇಕು. ಮಳೆಗಾಲಕ್ಕೆ ಮೊದಲು ಒಂದು ಹನಿ ಎಣ್ಣೆ ಬಿಡಿ, ಇಲ್ಲಿಯ ಗಾಳಿಗೆ ತುಕ್ಕು ಬೇಗ. ಮೆಟ್ಟಿಲ ತುಂಬ ಹೊಗೆ ಇದ್ದರೆ ಇಳಿಯಲು ಹೋಗಬೇಡಿ. ಬಾಗಿಲು ಮುಚ್ಚಿ, ಸಂದಿಗೆ ಒದ್ದೆ ಟವೆಲ್ ತುರುಕಿ ಕಿಟಕಿಗೆ ಬಂದು ಕೂಗಿ. ಲಿಫ್ಟ್ ಅಂತೂ ಬೇಡವೇ ಬೇಡ.

ಗ್ಯಾಸ್ ವಾಸನೆ ಬಂದರೆ ಯಾವ ಸ್ವಿಚ್ಚನ್ನೂ ಮುಟ್ಟಬೇಡಿ, ಎಕ್ಸಾಸ್ಟ್ ಫ್ಯಾನ್ ಕೂಡ. ಸಿಲಿಂಡರ್ ಗ್ಯಾಸ್ ಗಾಳಿಗಿಂತ ಭಾರ, ನೆಲದಲ್ಲೇ ಹರಡಿ ನಿಲ್ಲುತ್ತದೆ, ಪೈಪಿನ ಗ್ಯಾಸ್ ಹಗುರ, ಮೇಲೇರುತ್ತದೆ. ರೆಗ್ಯುಲೇಟರ್ ಅಥವಾ ಮೇನ್ ವಾಲ್ವ್ ಬಂದ್ ಮಾಡಿ, ಕಿಟಕಿ ತೆಗೆದು, ಹೊರಗೆ ಬಂದ ಮೇಲೆ ಫೋನ್ ಮಾಡಿ. ಸಿಲಿಂಡರ್ ಸೋರಿಕೆಗೆ 1906. ಬೆಂಕಿಗೆ 101, ಆಂಬುಲೆನ್ಸ್‌ಗೆ 108, ಏನೂ ನೆನಪಾಗದಿದ್ದರೆ 112. ದೊಡ್ಡ ಅಕ್ಷರದಲ್ಲಿ ಬರೆದು ಫ್ರಿಜ್‌ಗೆ ಅಂಟಿಸಿ, ನಮ್ಮ ಅತ್ತೆಗೆ ಮೊಬೈಲ್‌ನಲ್ಲಿ ಹುಡುಕಲು ಬರುವುದಿಲ್ಲ.

ಊರಿಗೆ ಹೋಗುವಾಗ ಪೇಪರ್, ಹಾಲು ನಿಲ್ಲಿಸಿ. ಕೀಲಿಯನ್ನು ಚಪ್ಪಲಿ ಸ್ಟ್ಯಾಂಡಿನಲ್ಲಿ ಇಡಬೇಡಿ, ಕಳ್ಳ ಮೊದಲು ಅಲ್ಲೇ ಕೈ ಹಾಕುವುದು. ರೈಲಿನ ಫೋಟೋ ಸ್ಟೇಟಸ್‌ಗೆ ಹಾಕುವ ಚಪಲ ಇದ್ದರೆ ವಾಪಸ್ ಬಂದ ಮೇಲೆ ಹಾಕಿ. ಚಿನ್ನ ಲಾಕರ್‌ನಲ್ಲಿರಲಿ. ಅಲ್ಲಿ ಕಳವಾದರೆ ಬ್ಯಾಂಕಿನ ಹೊಣೆ ವರ್ಷದ ಬಾಡಿಗೆಯ 100 ಪಟ್ಟು, 2022ರಿಂದ ರಿಸರ್ವ್ ಬ್ಯಾಂಕಿನ ನಿಯಮ. ಅಂದರೆ 3,000 ರೂಪಾಯಿ ಬಾಡಿಗೆಗೆ 3 ಲಕ್ಷ, ಒಳಗೆ ಜಾಸ್ತಿ ಇದ್ದರೆ ಬೇರೆ ವಿಮೆ ಮಾಡಿಸಿ. ಒಡವೆಗಳ ಫೋಟೋ, ಬಿಲ್ ಎರಡೂ ಫೋನಿನಲ್ಲಿರಲಿ, ಕಂಪ್ಲೇಂಟ್ ಬರೆಸುವಾಗ ಬೇಕಾಗುತ್ತದೆ. ಎಫ್‌ಐಆರ್ ಪ್ರತಿ ಬಿಟ್ಟಿಯಾಗಿ ಸಿಗುತ್ತದೆ, ಕೇಳಿ ಪಡೆಯಿರಿ.

ಇಷ್ಟರ ಮೇಲೂ ಕಳ್ಳತನ ಆಯಿತೋ, ಒಳಗೆ ಕಾಲಿಡಬೇಡಿ, ಏನನ್ನೂ ಮುಟ್ಟಬೇಡಿ, ಬೆರಳಚ್ಚು ಅಳಿಸಿಹೋಗುತ್ತದೆ. ಅವತ್ತು ನಾನು ಗಾಬರಿಯಲ್ಲಿ ಆ ಬೀಗ, ಕೊಂಡಿ ಎತ್ತಿ, ಧೂಳು ಒರೆಸಿ, ಜೋಪಾನವಾಗಿ ಕಿಟಕಿಯಲ್ಲಿ ಇಟ್ಟಿದ್ದೆ. ಪಂಚನಾಮೆಗೆ ಬಂದ ಪೊಲೀಸರು ಅದನ್ನೊಮ್ಮೆ ನೋಡಿದರು, ನನ್ನನ್ನೊಮ್ಮೆ ನೋಡಿದರು.