ಬಿಳಿ ಕಾರಿನ ಡಾಂಬರು ಕಲೆ ಹೋಗಿದ್ದು ಹೀಗೆ

ಹೊಸದಾಗಿ ಡಾಂಬರು ಹಾಕಿದ ರಸ್ತೆಯಲ್ಲಿ ಹೋಗಿ ಬಂದೆ. ಮನೆಗೆ ಬಂದು ನೋಡಿದರೆ ಬಾಗಿಲ ಕೆಳಗೆ, ಚಕ್ರದ ಹಿಂದೆ, ಒಗ್ಗರಣೆ ಸಾಸಿವೆ ಸಿಡಿದ ಹಾಗೆ ಕಪ್ಪು ಚುಕ್ಕಿ! ಶಾಂಪೂ ಹಾಕಿ ತೊಳೆದೆ, ಜಗ್ಗಲಿಲ್ಲ. ಕೀಲಿಯ ತುದಿಯಲ್ಲಿ ಕೆರೆಯಲು ಹೋಗಿ ಒಂದು ಗೀರು ಬಿತ್ತು. ಸುಮ್ನೆ ಇರಬಾರದಿತ್ತಾ ನಾನು? ಪಕ್ಕದ ಮನೆಯವರು ಸೀಮೆಎಣ್ಣೆ ಅಂದರು. ಡಾಂಬರೇನೋ ಕರಗುತ್ತದೆ, ಆದರೆ ಜೊತೆಗೆ ವ್ಯಾಕ್ಸೂ ಹೋಗುತ್ತದೆ, ರಬ್ಬರಿಗೂ ಒಳ್ಳೆಯದಲ್ಲ.

ಕೊನೆಗೆ ಕೈ ಹಿಡಿದದ್ದು ಕೊಬ್ಬರಿ ಎಣ್ಣೆ. ಮೊದಲು ನೀರು ಬಿಟ್ಟು ಮಣ್ಣು, ಮರಳು ಪೂರ್ತಿ ತೆಗೆದೆ. ಇಲ್ಲದಿದ್ದರೆ ಒರೆಸುವ ಬಟ್ಟೆಯೇ ಸ್ಯಾಂಡ್‌ಪೇಪರ್ ಆಗುತ್ತದೆ. ಕಾರನ್ನು ನೆರಳಿಗೆ ತಂದು, ಬಿಸಿ ಆರಿದ ಮೇಲೆ, ಎಣ್ಣೆಯಲ್ಲಿ ನೆನೆಸಿದ ಹತ್ತಿಯನ್ನು ಚುಕ್ಕಿಗಳ ಮೇಲೆ 10 ನಿಮಿಷ ಒತ್ತಿ ಇಟ್ಟೆ. ತೆಗೆದಾಗ ಹತ್ತಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ಮೈಕ್ರೋಫೈಬರ್ ಬಟ್ಟೆಯಲ್ಲಿ ಹಗುರವಾಗಿ ಒರೆಸಿದೆ, ಬಟ್ಟೆಯ ಮಡಿಕೆ ಬದಲಿಸುತ್ತಾ. ದಪ್ಪ ಚುಕ್ಕಿಗಳಿಗೆ ಮೂರು ಸಲ ಬೇಕಾಯಿತು, ತಾಳ್ಮೆ ಜಾಸ್ತಿ ಬೇಕು. ಆಮೇಲೆ ಜಿಡ್ಡು ಹೋಗುವಂತೆ ಶಾಂಪೂ, ಒಣಗಿದ ಮೇಲೆ ವ್ಯಾಕ್ಸ್.

ಚುಕ್ಕಿ ಒಂದೂ ಉಳಿದಿಲ್ಲ. ಕೀಲಿಯ ಗೀರು ಮಾತ್ರ ಹಾಗೇ ಇದೆ.